ನಿಂತೇ ಮಾಡುವ ನಮಾಝ್

ಜಿದ್ದಾದ ಕೌಂಟರ್

ಮನೆಯ ಗಂಡಸರಿಲ್ಲದೆ ಇಬ್ಬರು ಹೆಂಗಸರು ಉಮ್ರಾಕ್ಕೆ ಹೊರಟರೆ ಊರಿನಲ್ಲಿ ಉಪದೇಶಕ್ಕೆ ಬರವಿಲ್ಲ. ಮಕ್ಕಾ ಯಾತ್ರೆಗೆ ಗಂಡನೋ ಮಗನೋ ಜೊತೆಗಿರಲೇಬೇಕು ಎಂಬ ಕಟ್ಟಳೆಯನ್ನು ಸೌದಿಯವರೇ ಈಚಿನ ವರ್ಷಗಳಲ್ಲಿ ಕೈಬಿಟ್ಟಿದ್ದಾರೆ ಎಂದು ನಾನು ಎಷ್ಟು ಹೇಳಿದರೂ ನಂಬುವವರಿರಲಿಲ್ಲ. "ಏರ್‌ಪೋರ್ಟಿನಿಂದಲೇ ವಾಪಸ್ ಕಳಿಸ್ತಾರೆ ಟೀಚರ್, ನೋಡಿ ಬೇಕಾದ್ರೆ" ಎಂದು ದಿನಸಿ ಅಂಗಡಿಯವನು ಸಕ್ಕರೆ ತೂಗುತ್ತಾ ಹೇಳಿದ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ತಪ್ಪು ಹೇಳಿದವರನ್ನು ತಿದ್ದದೆ ಬಿಡುವುದು ನನಗೆ ಕಷ್ಟ. ಆದರೂ ಒಳಗೊಳಗೆ ಅಳುಕಿತ್ತು.

ಜಿದ್ದಾದಲ್ಲಿ ಪಾಸ್‌ಪೋರ್ಟ್ ನೋಡುವ ಕೌಂಟರಿನಲ್ಲಿ ಕೂತಿದ್ದವಳು ಒಬ್ಬ ಹುಡುಗಿ. ಕಣ್ಣು ಬಿಟ್ಟರೆ ಮೈಯೆಲ್ಲ ಕಪ್ಪು ಬಟ್ಟೆ. "ನಿಮ್ಮ ಗಂಡಸರು ಎಲ್ಲಿ?" ಎಂದು ಕೇಳಿದರೆ ಹೇಳಬೇಕಾದ ಉತ್ತರವನ್ನು ವಿಮಾನದುದ್ದಕ್ಕೂ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದೆ. ಅವಳು ನನ್ನ ಮುಖ ನೋಡಿದಳು, ಬೆರಳಚ್ಚು ತೆಗೆದುಕೊಂಡಳು, ಠಪ್ಪೆಂದು ಮುದ್ರೆ ಒತ್ತಿದಳು. ನನ್ನ ಉತ್ತರ ಬಾಯಲ್ಲೇ ಉಳಿಯಿತು.

"ಅಷ್ಟೇನಾ?" ಎಂದಳು ಹಿಂದಿನಿಂದ ಬಂದ ಅಕ್ಕ.

"ಅಷ್ಟೇ."

"ನಮ್ಮ ಅಂಗಡಿಯವನೇ ಜೋರು ಮಾರಾಯ್ತಿ."

ನಾವಿಬ್ಬರು ಮಾತಾಡುವುದು ಬ್ಯಾರಿ ಭಾಷೆಯಲ್ಲಿ, ಇಲ್ಲಿ ಬರೆಯುವಾಗ ಮಾತ್ರ ಅಕ್ಕನ ಬಾಯಿಗೆ ಕನ್ನಡ ಹಾಕುತ್ತಿದ್ದೇನೆ. ಅಕ್ಕನ ಹೆಸರು ನೆಬೀಸಾ. ನನಗಿಂತ ನಾಲ್ಕು ವರ್ಷ ದೊಡ್ಡವಳು, ನನ್ನ ಹಾಗೆ ಅವಳೂ ವಿಧವೆ, ಇಬ್ಬರೂ ಇರುವುದು ತವರುಮನೆಯಲ್ಲೇ. ನಮ್ಮದು ಇಪ್ಪತ್ತು ಜನರ ತಂಡ, ಅದರ ನಾಯಕ ನಮ್ಮ ಬೀದಿಯ ಮಸೀದಿಯ ಗುರುಗಳಾದ ಉಸ್ತಾದರು. ಆ ಮಸೀದಿ ನಮ್ಮ ಮನೆಯ ಎದುರೇ ಇದೆ. ಹುಟ್ಟಿದಂದಿನಿಂದ ಅದರ ಬಾಂಗು ಕೇಳಿ ಎದ್ದಿದ್ದೇನೆ, ಅದರ ಗೇಟಿನೊಳಗೆ ಕಾಲಿಟ್ಟಿಲ್ಲ. ನಮ್ಮ ಕಡೆ ಹೆಂಗಸರು ಮನೆಯಲ್ಲೇ ನಮಾಝ್ ಮಾಡುವುದು ರೂಢಿ.

ಅಕ್ಕನ ಒಬ್ಬಳೇ ಮಗಳು ರುಬೀನಾ ಕಳೆದ ವರ್ಷ ಜ್ವರ ಬಂದು ತೀರಿಹೋದಳು. ಹೆಣ್ಣಿನ ಮಯ್ಯತ್ತನ್ನು, ಅಂದರೆ ಶವವನ್ನು, ಹೆಂಗಸರೇ ತೊಳೆಯಬೇಕು. ಅಕ್ಕ ಮತ್ತು ನಾನು ತೊಳೆದೆವು, ಬಿಳಿ ಬಟ್ಟೆ ಸುತ್ತಿದೆವು. ಅಷ್ಟಾದ ಮೇಲೆ ಗಂಡಸರು ಬಂದು ಎತ್ತಿಕೊಂಡು ಎದುರಿನ ಮಸೀದಿಗೆ ಹೋದರು. ನಾವು ಕಿಟಕಿಯ ಸರಳು ಹಿಡಿದು ನಿಂತೆವು. ದಫನ ಮುಗಿಸಿ ಬಂದ ಅಳಿಯನನ್ನು ಅಕ್ಕ ಕೇಳಿದ್ದು ಒಂದೇ ಮಾತು: "ಅಲ್ಲಿ ಅವಳಿಗೆ ಎಂತ ಹೇಳಿದ್ರಿ?" ಅವನು, "ನಮಾಝ್ ಆಯ್ತು, ದುಆ ಆಯ್ತು" ಎಂದ. ಆ ಪ್ರಾರ್ಥನೆಯಲ್ಲಿ ಮಗಳ ಮೇಲೆ ಕೊನೆಯದಾಗಿ ಆಡಿದ ಮಾತು ಏನೆಂದು ತಾಯಿಗೆ ಗೊತ್ತಿಲ್ಲ ಎಂಬುದು ಅಕ್ಕನನ್ನು ವರ್ಷವಿಡೀ ತಿಂದಿತು. ಅವಳು ಈ ಯಾತ್ರೆಗೆ ಹೊರಟದ್ದೇ ಅದಕ್ಕಾಗಿ. ಕಾಬಾದ ಮುಂದೆ ನಿಂತು ಮಗಳಿಗಾಗಿ ತಾನೇ ಕೇಳಿಕೊಳ್ಳಬೇಕಿತ್ತು.

ಮಕ್ಕಾ, ಓಡಬಾರದ ಓಟ

ಕಾಬಾ ಇರುವ ಹರಮ್ ಮಸೀದಿಯ ಬಾಗಿಲಲ್ಲಿ ಅಕ್ಕ ಗಕ್ಕನೆ ನಿಂತುಬಿಟ್ಟಳು. ಹಿಂದಿನಿಂದ ಬರುತ್ತಿದ್ದ ಟರ್ಕಿಯ ಹೆಂಗಸರ ಗುಂಪು ನಮ್ಮ ಬೆನ್ನಿಗೆ ಡಿಕ್ಕಿ ಹೊಡೆಯಿತು. ಯಾಕೆ ನಿಂತಳೆಂದು ನನಗೆ ಗೊತ್ತಿತ್ತು, ನಾನೂ ನಿಂತಿದ್ದೆ. ಯಾರಾದರೂ ಬಂದು ಇಲ್ಲಿಂದ ಮುಂದೆ ಹೆಂಗಸರಿಗಿಲ್ಲ ಎನ್ನುತ್ತಾರೆ ಎಂದು ಕಾಲೇ ಕಾಯುತ್ತಿತ್ತು. ಕಾವಲಿನವಳು ಬಂದಳು, "ಯಲ್ಲಾ ಹಾಜ್ಜಾ, ಯಲ್ಲಾ" ಎಂದು ಕೈಬೀಸಿ ನಮ್ಮನ್ನು ಒಳಗೇ ತಳ್ಳಿದಳು. ದಾರಿಗೆ ಅಡ್ಡ ನಿಲ್ಲಬೇಡಿ ಎಂದಷ್ಟೇ ಅವಳ ತಕರಾರು.

ಕಾಬಾಕ್ಕೆ ಸುತ್ತು ಬರುವಾಗ ಗಂಡಸರು ಹೆಂಗಸರು ಎಲ್ಲ ಒಟ್ಟಿಗೇ ಎಂದು ಓದಿ ತಿಳಿದಿದ್ದೆ. ಓದುವುದು ಬೇರೆ, ಯಾರೋ ಆಫ್ರಿಕಾದ ಆಜಾನುಬಾಹುವಿನ ಮೊಣಕೈ ಒಂದು ಭುಜಕ್ಕೆ, ಮಲೇಷ್ಯಾದ ಅಜ್ಜನ ಬ್ಯಾಗು ಇನ್ನೊಂದು ಭುಜಕ್ಕೆ ತಾಗುತ್ತಿರುವಾಗ ಪ್ರಾರ್ಥಿಸುವುದು ಬೇರೆ. ನಮ್ಮಲ್ಲಿ ಮದುವೆಯ ಬಿರಿಯಾನಿ ತಿನ್ನುವಾಗಲೂ ನಡುವೆ ಪರದೆ ಕಟ್ಟಬೇಕು. ನನ್ನ ತಮ್ಮನ ಮಗಳ ಮದುವೆಯಲ್ಲಿ ಪರದೆ ಗಿಡ್ಡವಾಯಿತೆಂದು ಇದೇ ಉಸ್ತಾದರು ಇನ್ನೊಂದು ಬೆಡ್‌ಶೀಟ್ ಸೇರಿಸಿ ಹೊಲಿಸಿದ್ದರು. ಈಗ ಅವರು ನನ್ನ ಮುಂದೆಯೇ, ಸುತ್ತ ಹೆಂಗಸರೇ ಇರುವ ಗುಂಪಿನ ನಡುವೆ ಕಣ್ಣುಮುಚ್ಚಿ ದುಆ ಹೇಳುತ್ತಾ ಸಾಗುತ್ತಿದ್ದರು. ಇನ್ನೂ ಒಂದು ಸಂಗತಿ ನನ್ನನ್ನು ಬೆಚ್ಚಿಬೀಳಿಸಿತು. ಯಾತ್ರೆಯ ವ್ರತದಲ್ಲಿರುವ ಹೆಂಗಸು ಮುಖಕ್ಕೆ ಪರದೆ ಹಾಕುವಂತಿಲ್ಲ. ಲೋಕದಲ್ಲೇ ಅತಿ ಪವಿತ್ರವಾದ ಜಾಗದಲ್ಲಿ ಮುಖ ತೆರೆದಿರಬೇಕು, ನಮ್ಮೂರ ಮೀನು ಮಾರ್ಕೆಟ್ಟಿಗೆ ಹೋಗುವಾಗ ಮುಚ್ಚಿರಬೇಕು.

"ಉಸ್ತಾದರೇ, ಇಲ್ಲಿ ಪರದೆ ಎಲ್ಲಿ?" ಎಂದು ಸುತ್ತು ಮುಗಿದ ಮೇಲೆ ಕೇಳಿದೆ.

"ಇದು ಹರಮ್ ಅಲ್ವಾ ಟೀಚರ್. ಇಲ್ಲಿ ಹಾಗೆ" ಎಂದು ಅವರು ಬೆವರು ಒರೆಸಿಕೊಂಡರು.

ಆಮೇಲೆ ಸಫಾ ಮತ್ತು ಮರ್ವಾ ಎಂಬ ಎರಡು ಗುಡ್ಡಗಳ ನಡುವೆ ಏಳು ಸಲ ನಡೆಯಬೇಕು. ಹಾಜರಾ ಎಂಬ ತಾಯಿ ಮರಳುಗಾಡಿನಲ್ಲಿ ಬಾಯಾರಿದ ಕೂಸಿಗೆ ನೀರು ಹುಡುಕುತ್ತಾ ಓಡಿದ ದಾರಿ ಅದು. ಈಗ ಅಮೃತಶಿಲೆ ಹಾಸಿದ, ತಣ್ಣನೆ ಗಾಳಿ ಬರುವ ಉದ್ದದ ಹಜಾರ. ನಡುವೆ ಒಂದಷ್ಟು ದೂರ ಹಸಿರು ದೀಪ ಉರಿಯುತ್ತದೆ, ಅಲ್ಲಿ ಹಾಜರಾಳ ನೆನಪಿಗೆ ಓಡಬೇಕು. ದೀಪ ಕಂಡದ್ದೇ ನಾನು ಬುರ್ಖಾ ಎತ್ತಿಹಿಡಿದು ಓಡಿದೆ.

"ಟೀಚರ್, ಟೀಚರ್, ಹೆಂಗಸರಿಗೆ ಓಡ್ಲಿಕ್ಕಿಲ್ಲ" ಎಂದು ಉಸ್ತಾದರು ಹಿಂದಿನಿಂದ ಕರೆದರು. "ಗಂಡಸರಿಗೆ ಮಾತ್ರ. ನೀವು ನಡೆದ್ರೆ ಸಾಕು."

"ಇಲ್ಲಿ ಓಡಿದ್ದು ಯಾರು ಉಸ್ತಾದರೇ?"

"ಹಾಜರಾ ಬೀವಿ."

"ಅವರು ಹೆಂಗಸಲ್ವಾ?"

ಅವರು ನಕ್ಕು, ತಮ್ಮ ಬಿಳಿ ಬಟ್ಟೆ ಸರಿಮಾಡಿಕೊಂಡು ಓಡಿಹೋದರು. ನಾನು ಬಾಯಿ ತೆರೆದು ಅಲ್ಲೇ ನಿಂತೆ. ಓಡಿದವಳು ಹೆಂಗಸು, ಓಟದ ಪುಣ್ಯ ಗಂಡಸರಿಗೆ. ನನಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚಾಗಿ ಇಷ್ಟು ವರ್ಷ ಇದು ನನ್ನ ಕಿವಿಗೆ ಬೀಳಲೇ ಇಲ್ಲವಲ್ಲ ಎಂದು ದಿಗಿಲಾಯಿತು. "ನಿನ್ನ ಮೊಣಕಾಲಿಗೆ ಓಟ ಒಂದು ಕೇಡು" ಎಂದು ಅಕ್ಕ ನನ್ನ ಕೈಹಿಡಿದು ನಡೆಸಿದಳು.

ಮಕ್ಕಾ, ಮರುದಿನ ಮಧ್ಯಾಹ್ನ

ಸುತ್ತು ಬರುವಾಗ ಒಟ್ಟಿಗೆ, ಎಲ್ಲರೂ ಸಾಲಾಗಿ ನಿಂತು ಮಾಡುವ ಜಮಾಅತ್ ನಮಾಝಿನ ಹೊತ್ತಿಗೆ ಬೇರೆ. ಮಧ್ಯಾಹ್ನದ ನಮಾಝಿಗೆ ಮೊದಲು ಕಾವಲಿನ ಹೆಂಗಸರು ನಮ್ಮನ್ನೆಲ್ಲ ಹಿಂದಕ್ಕೆ ಅಟ್ಟಿದರು. ಪ್ಲಾಸ್ಟಿಕ್ ಬೇಲಿಯ ಆಚೆ, ಪವಿತ್ರ ಝಂಝಂ ಬಾವಿಯ ನೀರಿನ ಪೀಪಾಯಿಗಳ ಸಾಲಿನ ಹತ್ತಿರ ಜಾಗ ಸಿಕ್ಕಿತು. ಅಲ್ಲಿಂದ ಕಾಬಾ ಕಾಣುವುದಿಲ್ಲ, ಕಂಬ ಕಾಣುತ್ತದೆ. ನಾನು ಗೊಣಗಿದೆ, ಅಕ್ಕ ಸುಮ್ಮನಿರು ಎಂದಳು.

ನಮಾಝ್ ಮುಗಿಯಿತು. ಅಕ್ಕ ನಮಾಝಿನ ಚಾಪೆ ಮುಸಲ್ಲಾ ಮಡಚತೊಡಗಿದಳು. ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಏನೋ ಅರಬಿಯಲ್ಲಿ ಹೇಳಿದರು, ಸಾಲು ಸಾಲು ಹೆಂಗಸರು ಮತ್ತೆ ಎದ್ದು ನಿಂತರು. ನಾವೂ ನಿಂತೆವು. ಇಮಾಮರು ಅಲ್ಲಾಹು ಅಕ್ಬರ್ ಎಂದರು, ಕೈ ಕಟ್ಟಿದೆವು. ಮತ್ತೆ ಅಲ್ಲಾಹು ಅಕ್ಬರ್ ಎಂದದ್ದೇ ನಾನು ಸೊಂಟ ಬಗ್ಗಿಸಿದೆ. ಜೀವಮಾನದ ಅಭ್ಯಾಸ, ನಮಾಝಿನಲ್ಲಿ ನಿಂತ ಮೇಲೆ ಬಗ್ಗುವುದು, ಆಮೇಲೆ ಸುಜೂದಿಗೆ ಹಣೆ ನೆಲಕ್ಕೆ ಮುಟ್ಟಿಸುವುದು. ಅಕ್ಕನೂ ಬಗ್ಗಿದಳು. ಯಾರೋ ನನ್ನ ಮೊಣಕೈ ಹಿಡಿದು ಮೇಲಕ್ಕೆತ್ತಿದರು. ನೋಡಿದರೆ ಅಷ್ಟುದ್ದದ ಸಾಲಿನಲ್ಲಿ ಬಗ್ಗಿದವರು ನಾವಿಬ್ಬರೇ. ಬೇರೆ ತರಗತಿಯ ಪರೀಕ್ಷೆಗೆ ಹೋಗಿ ಕೂತ ಮಕ್ಕಳ ಹಾಗಾಯಿತು ನಮ್ಮ ಸ್ಥಿತಿ. ಇನ್ನೆರಡು ಸಲ ಅಲ್ಲಾಹು ಅಕ್ಬರ್ ಕೇಳಿತು, ಒಂದು ಸಲಾಮ್, ಮುಗಿದೇ ಹೋಯಿತು.

ಮೊಣಕೈ ಹಿಡಿದಿದ್ದ ಹೆಂಗಸು ನಮ್ಮಿಬ್ಬರ ಬ್ಯಾರಿ ಪಿಸುಮಾತು ಕೇಳಿಸಿಕೊಂಡು ಕನ್ನಡದಲ್ಲಿ ಮಾತಿಗೆ ಬಂದಳು. "ಮಂಗಳೂರು ಕಡೆಯವರಾ? ನಾನು ಭಟ್ಕಳದವಳು, ಶಮೀಮಾ. ಜಿದ್ದಾದಲ್ಲಿ ನಮ್ಮವರ ಅಂಗಡಿ ಉಂಟು."

"ಇದು ಎಂತ ನಮಾಝ್?" ಎಂದು ಅಕ್ಕ ಕೇಳಿದಳು.

"ಮಯ್ಯತ್ ನಮಾಝ್. ಯಾರೋ ತೀರಿಹೋದವರಿಗೆ. ಇಲ್ಲಿ ಹೆಚ್ಚುಕಡಿಮೆ ಪ್ರತಿ ನಮಾಝ್ ಆದ ಮೇಲೆ ಇರ್ತದೆ. ಇದರಲ್ಲಿ ಬಗ್ಲಿಕ್ಕಿಲ್ಲ, ಸುಜೂದ್ ಇಲ್ಲ. ನಿಂತೇ ಮುಗಿಸುವುದು."

"ಇದು ಹೆಂಗಸರು ಮಾಡಬಹುದಾ?"

"ಈಗ ಮಾಡಿದ್ರಲ್ಲ."

ಅಕ್ಕ ಹಾಗೇ ನೆಲಕ್ಕೆ ಕುಳಿತಳು. ದಿನಕ್ಕೆ ಐದು ಸಲದ ಹಾಗೆ ಈ ವಯಸ್ಸಿನವರೆಗೆ ನಮಾಝ್ ಮಾಡಿದ್ದೇವೆ. ಅಪ್ಪ, ಅಮ್ಮ, ಗಂಡಂದಿರು, ಕೊನೆಗೆ ರುಬೀನಾ, ಇಷ್ಟು ಸಾವು ಕಂಡಿದ್ದೇವೆ. ಸತ್ತವರಿಗಾಗಿ ಮಾಡುವ ನಮಾಝ್ ಹೇಗಿರುತ್ತದೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಅದು ಗಂಡಸರ ಕೆಲಸ ಎಂದುಕೊಂಡು ಕೇಳಲೂ ಇಲ್ಲ. ನನ್ನ ಓದು, ಪದವಿ, ಶಾಲೆಯಲ್ಲಿ ಮಾಡಿದ ಮಹಿಳಾ ದಿನದ ಭಾಷಣಗಳು ಯಾವುವೂ ಅಲ್ಲಿ ನನ್ನ ಸೊಂಟವನ್ನು ನೆಟ್ಟಗೆ ನಿಲ್ಲಿಸಲಿಲ್ಲ.

ರುಬೀನಾಳ ವಿಷಯವನ್ನು ಅಕ್ಕ ಅಳುತ್ತಲೇ ಹೇಳಿದಳು. ಶಮೀಮಾ ಅವಳ ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡು ಕೇಳಿದಳು. "ಈಗಲೂ ಮಾಡಬಹುದು. ದೂರದಲ್ಲಿ ತೀರಿಹೋದವರಿಗೂ ಈ ನಮಾಝ್ ಉಂಟು ನಮ್ಮಲ್ಲಿ. ಉಸ್ತಾದರನ್ನು ಕೇಳಿ, ಅವರಿಗೆ ಗೊತ್ತಿರ್ತದೆ."

ಅವರಿಗೆ ಗೊತ್ತಿರುತ್ತದೆ ಎಂಬ ಮಾತು ಅಕ್ಕನ ಕಿವಿಯಲ್ಲಿ ಕೂತಿತು.

ಮುಅಲ್ಲಾದ ಗೋಡೆ

ಹರಮಿನಿಂದ ಸ್ವಲ್ಪ ದೂರದಲ್ಲಿ ಮುಅಲ್ಲಾ ಎಂಬ ಹಳೆಯ ದಫನಭೂಮಿ ಇದೆ. ಅಂದು ನಾವು ಯಾರಿಗಾಗಿ ನಮಾಝ್ ಮಾಡಿದೆವೋ ಅವರನ್ನು ಒಯ್ದದ್ದು ಅಲ್ಲಿಗೆ ಇರಬೇಕು ಎಂದಳು ಶಮೀಮಾ. ಹೋಗೋಣ ಎಂದು ಅಕ್ಕ ಹಠ ಹಿಡಿದಳು. ಗುರುತು ಪರಿಚಯ ಇಲ್ಲದ ಸಾವು, ಆದರೆ ತಾನು ಮೊದಲ ಸಲ ನಿಂತು ಬೀಳ್ಕೊಟ್ಟ ಸಾವು. ಮಣ್ಣಿನವರೆಗೂ ಹೋಗಿ ಬರಬೇಕು ಎಂದಳು. ಮೂವರೂ ಬಿಸಿಲಲ್ಲಿ ನಡೆದೆವು.

ಗೇಟಿನಲ್ಲಿ ಗಂಡಸರು ಸಲೀಸಾಗಿ ಒಳಗೆ ಹೋಗುತ್ತಿದ್ದರು. ನಮ್ಮನ್ನು ಕಂಡು ಕಾವಲಿನವನು ಅಂಗೈ ಎತ್ತಿದ. ಗದರಲಿಲ್ಲ, ಸುಮ್ಮನೆ ತಲೆಯಾಡಿಸಿದ.

"ನಾವು ಇಲ್ಲಿವರೆಗೇ. ಒಳಗೆ ಹೆಂಗಸರನ್ನು ಬಿಡುವುದಿಲ್ಲ" ಎಂದಳು ಶಮೀಮಾ. "ಖದೀಜಾ ಬೀವಿಯನ್ನು ದಫನ ಮಾಡಿದ್ದೂ ಇಲ್ಲೇ. ಆ ಮೇಲಿನ ಭಾಗದಲ್ಲಿ ಅಂತಾರೆ. ನಾನು ಹದಿನೈದು ವರ್ಷದಿಂದ ಜಿದ್ದಾದಲ್ಲಿದ್ದೇನೆ, ಗೋಡೆಯ ಹೊರಗಿನಿಂದಲೇ ಸಲಾಮ್ ಹೇಳಿ ಹೋಗುವುದು."

ಖದೀಜಾ ಪ್ರವಾದಿಯವರ ಮೊದಲ ಪತ್ನಿ. ಒಂಟೆಗಳ ಮೇಲೆ ಸರಕು ಕಳಿಸಿ ವ್ಯಾಪಾರ ಮಾಡುತ್ತಿದ್ದ ಹೆಂಗಸು. ತನ್ನ ಕೆಲಸಕ್ಕೆ ಬಂದ ಪ್ರಾಮಾಣಿಕ ಯುವಕನಿಗೆ ತಾನೇ ಮದುವೆಯ ಮಾತು ಹೇಳಿ ಕಳಿಸಿದವರು, ಆ ಯುವಕ ಪ್ರವಾದಿಯಾದಾಗ ಅವರ ಮಾತನ್ನು ಮೊಟ್ಟಮೊದಲು ನಂಬಿದವರು. ಅವರ ಗೋರಿಯ ಹತ್ತಿರ ಹೋಗಬಾರದವರು ಹೆಂಗಸರು. ನನಗೆ ತಡೆಯಲಾಗಲಿಲ್ಲ. ಕಾವಲಿನವನ ಮುಂದೆ ನಿಂತು ಅಚ್ಚ ಕನ್ನಡದಲ್ಲಿ, ಒಂದು ಪಿರಿಯಡ್ಡಿಗೆ ಕಡಿಮೆಯಿಲ್ಲದ ಹಾಗೆ, ಇದನ್ನೆಲ್ಲ ಅವನಿಗೆ ವಿವರಿಸಿದೆ. ಅವನು ಗೌರವದಿಂದ ಕೇಳಿಸಿಕೊಂಡು, ಪೆಟ್ಟಿಗೆಯಿಂದ ತಣ್ಣನೆಯ ನೀರಿನ ಬಾಟಲಿ ತೆಗೆದು ಕೊಟ್ಟ. ಮೂವರೂ ಕುಡಿದೆವು, ನಿಜವಾಗಿ ಬಾಯಾರಿತ್ತು.

ಒಂದೇ ಊರು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತಿತ್ತು. ಇಲ್ಲಿ ಮೇಲೋ ನಮ್ಮಲ್ಲಿ ಮೇಲೋ ಎಂದು ಮನೆಯಲ್ಲಿ ಕೇಳಿದವರಿಗೆ ನಾನು ಈವರೆಗೂ ಉತ್ತರ ಕೊಟ್ಟಿಲ್ಲ. ಎರಡೂ ಕಡೆ ಗೇಟಿದೆ, ಜಾಗ ಮಾತ್ರ ಬೇರೆ.

ಹೋಟೆಲಿನ ಊಟದ ಕೋಣೆ

ಮರುದಿನ ಬೆಳಿಗ್ಗೆ ಉಸ್ತಾದರು ಮೊಟ್ಟೆ, ರೊಟ್ಟಿ ಇಟ್ಟುಕೊಂಡು ಕುಳಿತಿದ್ದಾಗ ಅಕ್ಕ ಅವರೆದುರು ಹೋಗಿ ಕೂತಳು. ಅವಳಷ್ಟಕ್ಕೆ ಅವಳು ಗಂಡಸರ ಮೇಜಿಗೆ ಹೋದದ್ದು ಅದೇ ಮೊದಲು. ನಾನು ಚಹಾದ ಲೋಟ ಹಿಡಿದು ಪಕ್ಕದಲ್ಲಿ ನಿಂತೆ.

"ಉಸ್ತಾದರೇ, ಮಯ್ಯತ್ ನಮಾಝ್ ಹೆಂಗಸರು ಮಾಡಬಹುದಾ?"

ಅವರು ಕೆಟ್ಟ ಮನುಷ್ಯರಲ್ಲ. ಸುಳ್ಳು ಹೇಳಲಿಲ್ಲ. "ಮಾಡಬಹುದು. ಕಿತಾಬಿನಲ್ಲಿ ಉಂಟು. ನಮ್ಮ ಊರಲ್ಲಿ ರೂಢಿ ಇಲ್ಲ ಅಷ್ಟೇ."

"ರುಬೀನಾ ತೀರಿಹೋದ ದಿವಸವೂ ನಿಮಗೆ ಇದು ಗೊತ್ತಿತ್ತಾ?"

ಅವರು ರೊಟ್ಟಿ ಕೆಳಗಿಟ್ಟರು. "ಗೊತ್ತಿತ್ತು."

"ನಾನು ಕಿಟಕಿಯಲ್ಲಿದ್ದೆ. ನೀವು ನೋಡಿದ್ರಿ."

ನನಗೆ ಈ ಪ್ರವಾಸದಲ್ಲಿ ಆದ ಅತಿ ದೊಡ್ಡ ಆಘಾತ ಇದು. ಧರ್ಮ ಬೇಡ ಎಂದಿತ್ತು ಎಂದು ನಂಬಿ ಅಕ್ಕ ಆ ದಿನ ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದಳು. ಧರ್ಮ ಬೇಡ ಎಂದಿರಲಿಲ್ಲ. ಕೇಳಿದವರಿಲ್ಲದ್ದರಿಂದ ಹೇಳಿದವರೂ ಇರಲಿಲ್ಲ, ಅಷ್ಟೇ. ಬೀದಿ ದಾಟಿ ಬಂದು ಒಂದು ಮಾತು ಹೇಳಿದ್ದರೆ ಸಾಕಿತ್ತು.

ಅಕ್ಕ ಜಗಳವಾಡಲಿಲ್ಲ. "ಅವತ್ತು ಅವಳ ಮೇಲೆ ನೀವು ಹೇಳಿದ್ದು ಎಂತ? ಒಂದೊಂದೇ ಮಾತು ನನಗೆ ಹೇಳಿಕೊಡಿ. ಅರ್ಥ ಸಮೇತ" ಎಂದಳು.

ಅವರು ಹೇಳಿಕೊಟ್ಟರು. ಇವಳನ್ನು ಕ್ಷಮಿಸು, ಇವಳ ಮೇಲೆ ದಯೆ ತೋರು, ಇವಳ ಮನೆಗಿಂತ ಒಳ್ಳೆಯ ಮನೆ ಕೊಡು ಎಂಬ ಅರ್ಥದ ಮಾತುಗಳು. ನೀರಿನಿಂದ, ಹಿಮದಿಂದ, ಆಲಿಕಲ್ಲಿನಿಂದ ಇವಳನ್ನು ತೊಳೆ ಎಂಬಲ್ಲಿಗೆ ಬಂದಾಗ ಅಕ್ಕ ತಡೆದಳು.

"ತೊಳೆದದ್ದು ನಾನಲ್ವಾ ಉಸ್ತಾದರೇ" ಎಂದಳು. "ತೊಳೆದವಳಿಗೆ ಈ ಮಾತು ಕೇಳಿಸಬೇಕಿತ್ತು."

ಅವರ ಕಣ್ಣು ಒದ್ದೆಯಾದದ್ದನ್ನು ನಾನು ಕಂಡೆ. ಆದರೂ ಏಳುವಾಗ ತಗ್ಗಿದ ದನಿಯಲ್ಲಿ ನನಗೆ ಹೇಳಿದ್ದು ಹೀಗೆ: "ಟೀಚರ್, ಇಲ್ಲಿ ಮಾಡಿದ್ದು ಇಲ್ಲಿಗೇ ಇರ್ಲಿ. ಊರಲ್ಲಿ ಮಾತಾದ್ರೆ ಮಸೀದಿ ಕಮಿಟಿಯವರು ನನ್ನನ್ನು ಕೇಳ್ತಾರೆ." ಅವರಿಗೂ ಹೆಂಡತಿ ಮಕ್ಕಳಿದ್ದಾರೆ, ಕೆಲಸ ಕಮಿಟಿ ಇಟ್ಟರುಂಟು, ಬಿಟ್ಟರಿಲ್ಲ. ನನಗೆ ಕನಿಕರವಾಯಿತು, ಆದರೆ ಮಾತು ಕೊಡಲಿಲ್ಲ.

ಆ ಬೆಳಿಗ್ಗೆಯೇ ಹರಮಿನಲ್ಲಿ, ಅದೇ ಪೀಪಾಯಿಗಳ ಹತ್ತಿರ, ಅಕ್ಕ ಮಗಳಿಗಾಗಿ ನಮಾಝ್ ಮಾಡಿದಳು. ಒಂದು ಕಡೆ ರಾತ್ರಿ ಮಕ್ಕಾದಲ್ಲೇ ಉಳಿದಿದ್ದ ಶಮೀಮಾ, ಇನ್ನೊಂದು ಕಡೆ ನಾನು. ಅಕ್ಕನ ಬಾಯಲ್ಲಿ ಅರಬಿ ತಡವರಿಸುತ್ತಿತ್ತು, ಕೊನೆಗೆ ಬ್ಯಾರಿಯಲ್ಲೇ ಏನೇನೋ ಹೇಳಿಕೊಂಡಳು. ಎರಡನೆಯ ಅಲ್ಲಾಹು ಅಕ್ಬರ್‌ಗೆ ನನ್ನ ಸೊಂಟ ಮತ್ತೆ ಬಗ್ಗಲು ಹೋಯಿತು, ಹಲ್ಲುಕಚ್ಚಿ ನಿಂತೆ. ಅಕ್ಕ ಅಲುಗಲಿಲ್ಲ.

ರಾಬಿಗ್‌ಗೆ ಹೊರಳುವ ರಸ್ತೆ

ಮದೀನಾ ನೋಡಿ ಜಿದ್ದಾಕ್ಕೆ ಹಿಂದಿರುಗುವಾಗ ಬಸ್ಸು ಒಂದು ಪೆಟ್ರೋಲ್ ಬಂಕಿನಲ್ಲಿ ನಿಂತಿತು. ಅಲ್ಲಿಂದ ರಸ್ತೆ ಸಮುದ್ರದ ಕಡೆ ರಾಬಿಗ್‌ಗೆ ಹೊರಳುತ್ತದೆ. ನನ್ನ ಹಳೆಯ ವಿದ್ಯಾರ್ಥಿ ಸತೀಶ ಅಲ್ಲಿನ ರಿಫೈನರಿಯಲ್ಲಿ ಕೆಲಸಕ್ಕಿದ್ದಾನೆ. ಊರಲ್ಲಿರುವ ತಾಯಿಗೆ ಕೊಡಲು ಒಂದು ಕಟ್ಟು ಹಿಡಿದು ಕಾಯುತ್ತಿದ್ದ. ಹಿಂದೂ ಆದ್ದರಿಂದ ಮಕ್ಕಾಕ್ಕೆ ಬಂದು ನಮ್ಮನ್ನು ಕಾಣುವಂತಿರಲಿಲ್ಲ. "ನಮಗೆ 'ಮುಸ್ಲಿಮರಿಗೆ ಮಾತ್ರ' ಬೋರ್ಡಿನ ಹತ್ತಿರವೇ ಬೇರೆ ರಸ್ತೆ ಟೀಚರ್" ಎಂದು ನಕ್ಕ.

ಚಹಾ ಕುಡಿಯುತ್ತಾ ಅಕ್ಕ ಅವನಿಗೆ ಎಲ್ಲ ಹೇಳಿದಳು. ಅವನ ನಗು ನಿಂತಿತು.

"ನಮ್ಮಲ್ಲೂ ಅದೇ ಕತೆ ನೆಬೀಸಕ್ಕ. ಅಪ್ಪ ಹೋದಾಗ ನನ್ನನ್ನು ಕೆಲಸಕ್ಕಿಟ್ಟ ಕಫೀಲ್ ರಜೆ ಕಾಗದಕ್ಕೆ ಸಹಿ ಹಾಕುವುದು ತಡವಾಯ್ತು, ನನಗೆ ಹೊತ್ತಿಗೆ ಊರು ಮುಟ್ಲಿಕ್ಕೆ ಆಗ್ಲಿಲ್ಲ. ಅಪ್ಪನನ್ನು ಕೊನೆಯವರೆಗೆ ನೋಡಿಕೊಂಡದ್ದು ತಂಗಿ. ನಾನೇ ಕೊಳ್ಳಿ ಇಡ್ತೇನೆ ಅಂದಳು. ಬಿಡ್ಲಿಲ್ಲ. ದೊಡ್ಡಪ್ಪನ ಮಗ ಇಟ್ಟ, ಅವನಿಗೂ ಅಪ್ಪನಿಗೂ ಎಷ್ಟೋ ವರ್ಷದಿಂದ ಮಾತಿರ್ಲಿಲ್ಲ."

"ನೀನು ಎಂತ ಹೇಳಿದೆ?" ಎಂದು ಅಕ್ಕ ಕೇಳಿದಳು.

"ಫೋನಿನಲ್ಲಿ ನಾನೂ ಬೇಡ ಅಂದೆ."

"ಈಗ ಕೇಳಿದ್ರೆ?"

ಅಷ್ಟರಲ್ಲಿ ಬಸ್ಸಿನ ಹಾರ್ನ್ ಆಯಿತು. ನಾವು ಹತ್ತಿದ ಮೇಲೆ ಅವನು ಕಿಟಕಿಯ ಹತ್ತಿರ ಬಂದು, "ಟೀಚರ್, ಕಟ್ಟಿನಲ್ಲಿ ತಂಗಿಗೂ ಒಂದು ಶಾಲು ಉಂಟು. ನೀವೇ ಅವಳ ಕೈಗೆ ಕೊಡಿ. ನಾನು ಫೋನ್ ಮಾಡ್ತೇನೆ ಅಂತ ಹೇಳಿ" ಎಂದ.

ಊರು

ಉಮ್ರಾ ಮುಗಿಸಿ ಬಂದವರನ್ನು ನೋಡಲು ಬೀದಿಗೆ ಬೀದಿಯೇ ಬರುತ್ತದೆ. ಒಬ್ಬೊಬ್ಬರಿಗೂ ಒಂದು ಗುಟುಕು ಝಂಝಂ, ಒಂದು ಖರ್ಜೂರ. ಗಂಡಸರು ಜಗಲಿಯಲ್ಲಿ, ಉಸ್ತಾದರೂ ಅವರ ನಡುವೆ. ಹೆಂಗಸರು ಒಳಕೋಣೆಯಲ್ಲಿ, ಯಾವ ಕಿಟಕಿಯಿಂದ ಮಸೀದಿ ಕಾಣುತ್ತದೋ ಅದೇ ಕೋಣೆ.

"ಕಾಬಾ ಕಂಡಾಗ ಹೇಗಾಯ್ತು ನೆಬೀಸಾ?" ಎಂದು ನೆರೆಮನೆಯ ವೃದ್ಧೆ ಐಸಮ್ಮ ಕೇಳಿದರು.

"ಹೇಳ್ತೇನೆ. ಮೊದಲು ಎಲ್ಲರೂ ಎದ್ದು ನಿಲ್ಲಿ. ಸಾಲಾಗಿ."

ಏನೋ ಮಕ್ಕಾದ ದುಆ ಇರಬೇಕೆಂದು ಎಲ್ಲರೂ ಸಂಭ್ರಮದಿಂದ ತಲೆಯ ಬಟ್ಟೆ ಸರಿಮಾಡಿಕೊಂಡು ನಿಂತರು. ಅಕ್ಕ ಮುಂದೆ ನಿಂತು ಅಲ್ಲಾಹು ಅಕ್ಬರ್ ಎಂದಳು, ಅವರು ಕೈ ಕಟ್ಟಿದರು. ಎರಡನೆಯ ಸಲ ಎಂದದ್ದೇ ಕೋಣೆಯ ತುಂಬ ಹೆಂಗಸರು, ಹದಿಹರೆಯದವರಿಂದ ಐಸಮ್ಮನವರೆಗೆ, ಒಟ್ಟಿಗೆ ಬಗ್ಗಿದರು.

ಅಕ್ಕ ತಿರುಗಿದಳು. ಸಾಲಿನುದ್ದಕ್ಕೂ ನಡೆದು ಒಬ್ಬೊಬ್ಬರ ಮೊಣಕೈ ಹಿಡಿದು ಮೇಲಕ್ಕೆತ್ತಿದಳು. ಆಮೇಲೆ ಜಗಲಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ಇದು ಮಯ್ಯತ್ ನಮಾಝ್. ಇದರಲ್ಲಿ ಬಗ್ಲಿಕ್ಕಿಲ್ಲ."

ಅಕ್ಕ ಮತ್ತೆ ಮೊದಲಿನಿಂದ ಶುರುಮಾಡಿದಳು.